ಫಾರ್ಮ್‌ಹೌಸ್ ಕೆಳಗಿನ ಸಾಗುವಳಿ ಚೀಟಿ



ಬರಹ ಸ್ವಲ್ಪ ಉದ್ದ ಆಗಿದೆ. ಪುರುಸೊತ್ತು ಮಾಡ್ಕೊಂಡು ಓದಿ. ಕೊನೆಗೆ ಒಂದು ಕೆಲಸ ಹೇಳಿದೀನಿ, ಅದನ್ನಾದ್ರೂ ತಪ್ಪದೆ ಮಾಡಿ.

ಹೋದ ತಿಂಗಳು ಒಂದು ಭಾನುವಾರ ನಮ್ಮ ಆಫೀಸಿನ ಸಹೋದ್ಯೋಗಿ ಒಬ್ಬರು ಫೋನ್ ಮಾಡಿದ್ರು. "ಹರಿಹರದ ಕಡೆ ಹೊಳೆ ದಂಡೆಗೆ ಫಾರ್ಮ್ ಪ್ಲಾಟ್ ಹಾಕ್ಯಾರಂತೆ. ನಿಮ್ಮೂರ ಹತ್ರಾನೇ ಬರುತ್ತೆ. ನಿಮಗೆ ಜಾಗ ಗೊತ್ತಿರುತ್ತೆ, ಬರ್ರಿ ನೋಡಿ ಬರಣ" ಅಂದ್ರು. ದಾವಣಗೆರೆಯಲ್ಲಿ ಬಾಡಿಗೆ ಮನೇಲಿ ಇರೋ ಕ್ಲರ್ಕ್ ನಾನು. ನನ್ನ ಹೆಂಡತಿಗೂ ಒಂದು ತುಂಡು ಜಾಗ ಮಾಡ್ಕೋಬೇಕು ಅಂತ ಆಸೆ. ಸುಳ್ಳು ಯಾಕೆ ಹೇಳ್ಲಿ, ನನಗೂ ಇತ್ತು. ಬೈಕ್ ಹತ್ತಿ ಹೋದೆವು.

ಅಲ್ಲಿ ಬ್ರೋಕರ್ ಕಾಯ್ತಿದ್ದ. ಜಮೀನಿಗೆ ತಂತಿ ಬೇಲಿ, ಗೇಟು, ಗೇಟಿನ ಒಳಗೆ ಮಣ್ಣಿನ ರಸ್ತೆ, ಎರಡೂ ಕಡೆ ಸಾಲು ಸಸಿ. ಐದು ಗುಂಟೆ, ಹತ್ತು ಗುಂಟೆ ಅಂತ ಕಲ್ಲು ನೆಟ್ಟು ತುಂಡು ಮಾಡಿದ್ರು. ಮಾದರಿಗೆ ಅಂತ ಒಂದು ಹೆಂಚಿನ ಮನೆ, ಮುಂದೆ ಒಂದು ಜೋಕಾಲಿ. "ವಾರದಲ್ಲಿ ಎರಡು ದಿನ ಬನ್ನಿ ಸರ್, ಹೊಳೆ ಗಾಳಿ ತಗೊಳ್ಳಿ, ಮಕ್ಕಳಿಗೆ ಹಳ್ಳಿ ಅಂದ್ರೆ ಏನು ಅಂತ ತೋರಿಸಿ" ಅಂದ. ಒಂದು ಗುಂಟೆಗೆ ಅವನು ಹೇಳಿದ ರೇಟು ನನ್ನ ಆರು ತಿಂಗಳ ಸಂಬಳ.

ನಾನು ರೇಟು ಕೇಳ್ತಿರಲಿಲ್ಲ. ಮೂಲೆಯಲ್ಲಿದ್ದ ಹುಣಸೆಮರ ನೋಡ್ತಿದ್ದೆ. ಸಣ್ಣೋನಿದ್ದಾಗ ನಮ್ಮವ್ವ ಆ ಹೊಲಕ್ಕೆ ಕಳೆ ತೆಗೆಯೋಕೆ ಹೋದಾಗ ನನ್ನನ್ನ ಕೂರಿಸ್ತಿದ್ದ ಮರ ಅದು. ನಮ್ಮ ಕೇರಿಯಲ್ಲಿ ಈಗಲೂ ಆ ಜಾಗಕ್ಕೆ ನಮ್ಮಜ್ಜನ ಹೆಸರಿಟ್ಟು ಅವನ ಹೊಲ ಅಂತಲೇ ಕರೀತಾರೆ.

ನಮ್ಮ ಸಹೋದ್ಯೋಗಿ ಕೇಳಿದ್ರು: "ಪೇಪರ್ ಎಲ್ಲಾ ಕ್ಲಿಯರ್ ಐತೇನಪ್ಪಾ?"

"ಫುಲ್ ಕ್ಲಿಯರ್ ಸರ್. ಪಹಣಿ ಓನರ್ ಹೆಸರಿಗೇ ಐತಿ."

ಅವನು ಹೇಳಿದ್ದು ಸುಳ್ಳಲ್ಲ. ಪಹಣಿ ಓನರ್ ಹೆಸರಿಗೇ ಇದೆ. ಆದ್ರೆ ಈಗ ಬರುವ ಪಹಣಿ ಇವತ್ತು ಜಮೀನು ಯಾರ ಹೆಸರಲ್ಲಿದೆ ಅಂತ ಹೇಳುತ್ತೆ. ಅವರ ಕೈಗೆ ಹೆಂಗೆ ಬಂತು ಅನ್ನೋ ಪೂರ್ತಿ ಕಥೆ ಅದರಲ್ಲಿಲ್ಲ. ಆ ಕಥೆ ಹೇಳೋಕೆ ಈ ಬರಹ.

ಮೊದಲಿಂದ ಶುರು ಮಾಡ್ತೀನಿ.

1956ಕ್ಕಿಂತ ಮುಂಚೆ ನಮ್ಮ ತುಂಗಭದ್ರೆ ಗಡಿ ಇದ್ದಂಗೆ ಇತ್ತು. ಹರಿಹರ ಇದ್ದದ್ದು ಮೈಸೂರು ಸಂಸ್ಥಾನದಲ್ಲಿ. ಹೊಳೆ ದಾಟಿದ್ರೆ ರಾಣೆಬೆನ್ನೂರು ಕಡೆ ಮುಂಬಯಿ ಪ್ರಾಂತ್ಯ. ಎರಡು ಸರ್ಕಾರ, ಎರಡು ಕಾನೂನು. ಹೊಲೆಗೇರಿ, ಮಾದಿಗರ ಕೇರಿಯ ಪಾಡು ಮಾತ್ರ ಎರಡೂ ದಂಡೆಯಲ್ಲಿ ಒಂದೇ. ಆ ಕಡೆ ವತನ ಅಂತಿದ್ರು, ಈ ಕಡೆ ಇನಾಮು ಅಂತಿದ್ರು. ಊರ ಚಾಕರಿ ಮಾಡು, ಸತ್ತ ದನ ಎಳಿ, ಡಂಗುರ ಸಾರು, ಸರ್ಕಾರದ ಮಂದಿ ಬಂದ್ರೆ ಅವರ ಗಂಟು ಹೊರು. ಅದಕ್ಕೆ ಪ್ರತಿಯಾಗಿ ಒಂದು ತುಂಡು ಹೊಲ, ಕಣದಲ್ಲಿ ಒಂದಿಷ್ಟು ಕಾಳು.

ಬಾಬಾಸಾಹೇಬರು 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಈ ವತನದ ಕಾಯ್ದೆಗೆ ತಿದ್ದುಪಡಿ ಮಸೂದೆ ತಂದರು. ಆ ತುಂಡು ಹೊಲ ಕೊಟ್ಟಂಗೆ ಮಾಡಿ ಇಡೀ ಮನೆತನವನ್ನೇ ಊರಿಗೆ ಕಟ್ಟಿಹಾಕಿದ್ದಾರೆ ಅನ್ನೋದು ಅವರಿಗೆ ಗೊತ್ತಿತ್ತು. ಅದಕ್ಕೇ ಮಹಾರರನ್ನ ಆ ಚಾಕರಿಯಿಂದ ಬಿಡಿಸೋ ದಾರಿ ಹುಡುಕಿದರು.

ನಮ್ಮಜ್ಜ ಈ ದಂಡೆಯ ತೋಟಿ. ಊರಿನ ಸರ್ವೆ ಕಲ್ಲು ಎಲ್ಲೆಲ್ಲಿವೆ ಅಂತ ಕತ್ತಲಲ್ಲೂ ತೋರಿಸ್ತಿದ್ದನಂತೆ. ಯಾರ್ಯಾರದೋ ಗಡಿ ಜಗಳಕ್ಕೆ ಅವನೇ ಸಾಕ್ಷಿ. ಅವನದು ಅನ್ನೋ ಕಲ್ಲು ಮಾತ್ರ ಒಂದೂ ಇರಲಿಲ್ಲ.

ಕರ್ನಾಟಕದಲ್ಲಿ ಈ ವಂಶಪಾರಂಪರ್ಯ ಗ್ರಾಮ ಚಾಕರಿ ಕಾನೂನಿನ ಪ್ರಕಾರ ರದ್ದಾಗಿದ್ದು 1963ರ ಫೆಬ್ರವರಿ 1ರಿಂದ. ಕಾಯ್ದೆ 1961ರದ್ದು. ಚಾಕರಿಯ ಜಮೀನನ್ನು ಅದೇ ಮನೆತನಕ್ಕೆ ಮರುಮಂಜೂರು ಮಾಡಬೇಕು ಅಂತ ಆಯ್ತು. 1978ರಲ್ಲಿ ತಿದ್ದುಪಡಿ ತಂದು, ಮರುಮಂಜೂರಾದ ಜಮೀನನ್ನ 15 ವರ್ಷ ಮಾರಕೂಡದು ಅಂದರು. 15 ವರ್ಷ ಅಂದ್ರೆ 1993. ನಮ್ಮ ಕೇರಿಯಲ್ಲಿ ತೋಟಿ ಇನಾಮಿನ ತುಂಡುಗಳು 1993 ದಾಟಿದ ಮೇಲೆ ಒಂದೊಂದಾಗಿ ಕೈ ಬಿಟ್ಟು ಹೋದವು. ಕ್ಯಾಲೆಂಡರ್ ನೋಡ್ಕೊಂಡು ಕಾಯ್ತಿದ್ದೋರು ಇದ್ರು.

ಹುಣಸೆಮರದ ಹೊಲ ಆ ಥರದ್ದಲ್ಲ. ಅದು ದರಖಾಸ್ತಿನ ಜಮೀನು. 1958ರಲ್ಲಿ ಸರ್ಕಾರ ನಮ್ಮಜ್ಜನಿಗೆ ಸಾಗುವಳಿ ಚೀಟಿ ಕೊಟ್ಟಿದ್ದು, ಮೂರು ಎಕರೆ. ಆಗ ಅದು ಜಾಲಿ ಮುಳ್ಳು, ಗರಸು ಇದ್ದ ಬೀಳು. ಊರವರು ಯಾರೂ ಕೇಳದ ಜಾಗ, ಅದಕ್ಕೇ ನಮಗೆ ಸಿಕ್ಕಿದ್ದು. ಅಜ್ಜ, ಅಜ್ಜಿ, ದೊಡ್ಡಪ್ಪ, ನಮ್ಮಪ್ಪ ಸೇರಿ ಜಾಲಿ ಬೇರು ಕಿತ್ತು ಹೊಲ ಮಾಡಿದ್ರು. ಚೀಟಿಯಲ್ಲಿ ಷರತ್ತು ಇತ್ತು: ಇಂತಿಷ್ಟು ವರ್ಷ ಪರಭಾರೆ ಮಾಡಕೂಡದು. ಅಜ್ಜನಿಗೆ ಓದೋಕೆ ಬರ್ತಿರಲಿಲ್ಲ. ಚೀಟಿ ಟ್ರಂಕಿನಲ್ಲಿ ಇಟ್ಟ.

1972ರ ಬರ ನಮ್ಮ ಕಡೆಯ ಹಿರಿಯರಿಗೆ ಯಾರಿಗೂ ಮರೆತಿಲ್ಲ. ಅಜ್ಜ ಜೋಳಕ್ಕಾಗಿ ಹೊಲವನ್ನ ಊರಿನ ದೊಡ್ಡ ಮನೆಯೊಂದಕ್ಕೆ ಭೋಗ್ಯಕ್ಕೆ ಹಾಕಿದ. ಕಾಗದ ಇಲ್ಲ, ಬಾಯಿ ಮಾತು. ಭದ್ರಾ ನಾಲೆ ಬಂದ ಮೇಲೆ ಈ ಸೀಮೆಯಲ್ಲಿ ಬತ್ತ ಕಂಡಿತು. ನೀರು ಬಂದ ಕಡೆ ಮಣ್ಣಿಗೆ ಬೆಲೆ ಬಂತು. ಬೆಲೆ ಬಂದ ಮೇಲೆ ಭೋಗ್ಯದ ಹೊಲ ವಾಪಸ್ ಬರೋದು ಸುಳ್ಳು. 1981ರಲ್ಲಿ ದೊಡ್ಡಪ್ಪ ಮಗಳ ಮದುವೆಗೆ ಮತ್ತೆ ಸಾಲ ಕೇಳೋಕೆ ಹೋದಾಗ ಛಾಪಾ ಕಾಗದ ಮುಂದಿಟ್ರು. ಹೆಬ್ಬೆಟ್ಟು ಒತ್ತಿ ಬಂದ. ಕ್ರಯಪತ್ರ ಆಯ್ತು.

ಇಲ್ಲಿ ಒಂದು ನಿಮಿಷ ನಿಲ್ಲಿ. 1981 ಅಂದೆ. ಆ ಹೊತ್ತಿಗೆ ಆ ಕ್ರಯ ಕಾನೂನಿನ ಪ್ರಕಾರ ಆಗೋ ಹಂಗೇ ಇರಲಿಲ್ಲ. ಯಾಕಂದ್ರೆ 1979ರ ಜನವರಿ 1ರಿಂದಲೇ ಪಿಟಿಸಿಎಲ್ ಕಾಯ್ದೆ ಜಾರಿಯಲ್ಲಿತ್ತು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರಿದ್ರೆ, ಕೊಂಡ್ರೆ, ಅದು ಶೂನ್ಯ. ಕಾಯ್ದೆ ಬರೋಕೆ ಮುಂಚೆ ಮಂಜೂರಾತಿ ಷರತ್ತು ಮುರಿದು ಮಾರಿದ್ದೂ ಶೂನ್ಯ. ಉಪವಿಭಾಗಾಧಿಕಾರಿ ವಿಚಾರಣೆ ಮಾಡಿ ಜಮೀನನ್ನ ಮೂಲ ಮಂಜೂರುದಾರನಿಗೆ ಅಥವಾ ಅವನ ವಾರಸುದಾರರಿಗೆ ವಾಪಸ್ ಕೊಡಿಸಬೇಕು.

ಈ ಕಾಯ್ದೆ ತಂದೋರು ಯಾರು? ಮುಖ್ಯಮಂತ್ರಿ ದೇವರಾಜ ಅರಸು, ಕಂದಾಯ ಮಂತ್ರಿ ಬಿ. ಬಸವಲಿಂಗಪ್ಪ. ಬಸವಲಿಂಗಪ್ಪನವರು ನಮ್ಮ ಹರಿಹರದ ಮಣ್ಣಿನವರು. 1973ರ ಬೂಸಾ ಗಲಾಟೆಯಲ್ಲಿ ಮಂತ್ರಿಗಿರಿ ಕಳಕೊಂಡ ಮನುಷ್ಯ. ಬೂಸಾ ಮಾತು ಎಲ್ಲರಿಗೂ ನೆನಪಿದೆ. ಈ ಭೂಮಿ ಕಾಯ್ದೆ ಅವರದು ಅನ್ನೋದು ನಮ್ಮ ಹುಡುಗರಲ್ಲೇ ಎಷ್ಟು ಜನಕ್ಕೆ ಗೊತ್ತು?

ಅರಸು ಅಂದ್ರೆ 1974ರ ಉಳುವವನೇ ಹೊಲದೊಡೆಯ ಅಂತ ಎಲ್ಲರೂ ಹೇಳ್ತೀವಿ. ದೊಡ್ಡ ಕೆಲಸ, ಒಪ್ಪೋಣ. ಆದ್ರೆ ಅದರಲ್ಲಿ ಭೂಮಿ ಸಿಕ್ಕಿದ್ದು ಗೇಣಿದಾರನಿಗೆ. ನಮ್ಮ ಕೇರಿಯಲ್ಲಿ ಗೇಣಿ ಮಾಡೋರು ಎಷ್ಟು ಜನ ಇದ್ರು? ನಾವು ಕೂಲಿ, ಜೀತ. ಕೂಲಿಯವನ ಹೆಸರು ಗೇಣಿ ಕಲಮಿನಲ್ಲಿ ಬರಲ್ಲ. ನಮಗೆ ಇದ್ದದ್ದು ಇಂಥ ದರಖಾಸ್ತಿನ ಬೀಳು ಭೂಮಿ. ಅದನ್ನಾದ್ರೂ ಉಳಿಸೋಣ ಅಂತ ಬಂದಿದ್ದು ಪಿಟಿಸಿಎಲ್.

ಹರಿಹರದಲ್ಲೇ 1938ರಲ್ಲಿ ಹುಟ್ಟಿದ ಇನ್ನೊಬ್ಬರು ಪ್ರೊ. ಬಿ. ಕೃಷ್ಣಪ್ಪ. ಭದ್ರಾವತಿಯಲ್ಲಿ ಮೇಷ್ಟ್ರಾಗಿದ್ದುಕೊಂಡು ದಲಿತ ಸಂಘರ್ಷ ಸಮಿತಿ ಕಟ್ಟಿದ್ರು. ಭೂಮಿಗಾಗಿ ಹಳ್ಳಿ ಹಳ್ಳಿ ತಿರುಗಿದ್ರು. ಕಾಯ್ದೆ ಬರೆದವರೂ ನಮ್ಮೂರ ಕಡೆಯವರೇ, ಚಳವಳಿ ಕಟ್ಟಿದವರೂ ನಮ್ಮೂರ ಕಡೆಯವರೇ. ಅದೇ ಸೀಮೆಯಲ್ಲಿ ಇವತ್ತು ಗುಂಟೆ ಲೆಕ್ಕದಲ್ಲಿ ಹೊಳೆ ಗಾಳಿ ಮಾರ್ತಿದ್ದಾರೆ.

ಕೊಂಡವರು ಸುಮ್ಮನಿರಲಿಲ್ಲ, ಕೋರ್ಟಿಗೆ ಹೋದ್ರು. 1984ರ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನ ಎತ್ತಿ ಹಿಡೀತು. ಕಾಯ್ದೆ ಬರೋಕೆ ಮುಂಚೆಯೇ ದೀರ್ಘ ಸ್ವಾಧೀನದಿಂದ ಪೂರ್ಣ ಹಕ್ಕು ಪಡೆದವರಿಗೆ ವಿನಾಯಿತಿ ಕೊಟ್ಟು, ಉಳಿದಂತೆ ಕಾಯ್ದೆ ಸರಿ ಅಂತು. ಎಷ್ಟೋ ಕುಟುಂಬಗಳು ಜಮೀನು ವಾಪಸ್ ಪಡೆದವು.

ಆಮೇಲೆ 2017ರ ಅಕ್ಟೋಬರ್. ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣ. ಕಾಯ್ದೆಯಲ್ಲಿ ಕಾಲಮಿತಿ ಬರೆದಿಲ್ಲ, ಹಂಗಂತ ಎರಡು ದಶಕ ದಾಟಿ ಬಂದ್ರೆ ಆಗಲ್ಲ, ಸಮಂಜಸ ಅವಧಿಯೊಳಗೆ ಬರಬೇಕು ಅಂತ ಸುಪ್ರೀಂ ಕೋರ್ಟ್ ಹೇಳ್ತು. ಆ ಒಂದು ಮಾತು ಹಿಡ್ಕೊಂಡು ನಮ್ಮವರ ಅರ್ಜಿಗಳು ಸಾಲು ಸಾಲಾಗಿ ಬಿದ್ದವು. ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ನಮ್ಮವರು ತಿಂಗಳುಗಟ್ಟಲೆ ಧರಣಿ ಕೂತರು. 2023ರಲ್ಲಿ ತಿದ್ದುಪಡಿ ಆಯ್ತು: ಅರ್ಜಿ ಹಾಕೋಕೆ ಕಾಲಮಿತಿ ಇಲ್ಲ. ಗೆದ್ದೆವು ಅಂದುಕೊಂಡು ಸಿಹಿ ಹಂಚಿದೆವು. 2024ರಲ್ಲಿ ಹೈಕೋರ್ಟಿನ ವಿಭಾಗೀಯ ಪೀಠ, ಕಾಲಮಿತಿ ಇಲ್ಲ ಅಂದ ಮಾತ್ರಕ್ಕೆ ವಿಳಂಬದ ಪ್ರಶ್ನೆ ಹೋಗಲ್ಲ ಅಂತು. ಸುತ್ತಿ ಸುತ್ತಿ ಮತ್ತೆ ಅಲ್ಲಿಗೇ ಬಂತು: ತಡ ಯಾಕಾಯ್ತು?

ನ್ಯಾಯಾಲಯಗಳ ಮೇಲೆ ಗೌರವ ಇಟ್ಟುಕೊಂಡೇ ಇದಕ್ಕೆ ಉತ್ತರ ಹೇಳ್ತೀನಿ.

2001ರಲ್ಲಿ ನಾನು ಬಿಎ ಮುಗಿಸಿದ್ದೆ. ಸಂಘಟನೆಯ ಶಿಬಿರದಲ್ಲಿ ಪಿಟಿಸಿಎಲ್ ಬಗ್ಗೆ ಮೊದಲ ಸಲ ಕೇಳಿದ್ದು. ಓಡಿ ಬಂದು ದೊಡ್ಡಪ್ಪನಿಗೆ ಹೇಳ್ದೆ: "ದೊಡ್ಡಪ್ಪಾ, ಹೊಲ ವಾಪಸ್ ಬರುತ್ತೆ, ಅರ್ಜಿ ಹಾಕಣ."

ದೊಡ್ಡಪ್ಪ ಬೀಡಿ ಹಚ್ಚಿ ಸುಮ್ಮನೆ ಕೂತಿದ್ದ. ಆಮೇಲೆ ಅಂದ: "ಹಾಕಬೌದು ತಮ್ಮಾ. ನಾಳೆ ಮುಂಜಾನಿ ಕೂಲಿಗೆ ಯಾರ ಹೊಲಕ್ಕೆ ಹೋಗ್ಲಿ ಹೇಳು."

ಅವನು ದಿನಾ ಕೂಲಿಗೆ ಹೋಗ್ತಿದ್ದದ್ದು ಅದೇ ಹೊಲಕ್ಕೆ. ತಾನು ಜಾಲಿ ಬೇರು ಕಿತ್ತ ಹೊಲಕ್ಕೆ. ರಾತ್ರಿ ಹೊತ್ತು ನಮ್ಮವ್ವನಿಗೆ ಹೊಟ್ಟೆನೋವು ಬಂದಾಗ ಹರಿಹರದ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದು ಅದೇ ಮನೆಯ ಟ್ರ್ಯಾಕ್ಟರು. ನನ್ನ ಕಾಲೇಜು ಫೀಸಿಗೆ ಸಾಲ ಕೊಟ್ಟಿದ್ದೂ ಅದೇ ಮನೆ. ಅವರು ಕೆಟ್ಟವರು ಅಂತ ನಾನು ಹೇಳಲ್ಲ. ಊರಲ್ಲಿ ಬದುಕೋ ರೀತಿಯೇ ಹಂಗಿತ್ತು. ನಿನ್ನ ಜಮೀನು ಯಾರ ಕೈಲಿದೆಯೋ ನಿನ್ನ ಕೂಲಿ, ನಿನ್ನ ಸಾಲ, ನಿನ್ನ ಆಪತ್ತಿನ ಗಾಡಿ ಎಲ್ಲ ಅವರ ಕೈಲೇ ಇರ್ತಿತ್ತು. ಅಂಥವರ ಮೇಲೆ ಅರ್ಜಿ ಹಾಕಿ ಮರುದಿನ ಅದೇ ಊರಲ್ಲಿ ಇರಬೇಕು.

ಇದೇ ವಿಳಂಬದ ಚರಿತ್ರೆ. ದೊಡ್ಡಪ್ಪ ಹಕ್ಕು ಮರೆತು ಕೂತಿರಲಿಲ್ಲ, ಅದರ ಬೆಲೆ ಏನು ಅಂತ ಲೆಕ್ಕ ಹಾಕಿದ್ದ. 2012ರಲ್ಲಿ ತೀರಿಕೊಂಡ. ಅರ್ಜಿ ಹಾಕಲಿಲ್ಲ.

ಈಗ ಮಾರ್ಕೆಟ್ಟಿನ ವಿಷಯಕ್ಕೆ ಬರ್ತೀನಿ. 1997ರಲ್ಲಿ ದಾವಣಗೆರೆ ಜಿಲ್ಲೆ ಆಯ್ತು. ಹೈವೇ ನಾಲ್ಕು ಪಥ ಆಯ್ತು. ದಾವಣಗೆರೆ, ಹರಿಹರ ಎರಡಕ್ಕೂ ಸೇರಿ ಒಂದೇ ನಗರಾಭಿವೃದ್ಧಿ ಪ್ರಾಧಿಕಾರ. 2016ರಲ್ಲಿ ಸ್ಮಾರ್ಟ್ ಸಿಟಿಯ ಮೊದಲ ಪಟ್ಟಿಯಲ್ಲೇ ದಾವಣಗೆರೆ ಹೆಸರು ಬಂತು. ಇನ್ನೊಂದು ಕಡೆ ದಾವಣಗೆರೆಯ ಬಟ್ಟೆ ಮಿಲ್ಲುಗಳು, ಹರಿಹರದ ಕಿರ್ಲೋಸ್ಕರ್ ಕಾರ್ಖಾನೆ ಬಾಗಿಲು ಹಾಕಿದ್ವು. ಕೆಲಸ ಕೊಡ್ತಿದ್ದ ಕಾರ್ಖಾನೆ ಹೋಯ್ತು, ಅದರ ಬದಲಿಗೆ ಸೈಟಿನ ವ್ಯಾಪಾರ ಬಂತು. ನಮ್ಮ ಹುಡುಗರಲ್ಲಿ ಒಬ್ಬಿಬ್ಬರು ಬ್ರೋಕರ್ ಹಿಂದೆ ತಿರುಗೋ ಕೆಲಸಕ್ಕೆ ಸೇರಿದ್ರು. ಕೇರಿಯಲ್ಲಿ ಯಾರ ಮನೇಲಿ ಕಷ್ಟ ಇದೆ ಅಂತ ಅವರಿಗೇ ಮೊದಲು ಗೊತ್ತಾಗೋದು.

ಆದ್ರೂ ಒಂದು ಅಡ್ಡಿ ಇತ್ತು. ಭೂಸುಧಾರಣೆ ಕಾಯ್ದೆಯ 79ಎ, 79ಬಿ. ಕೃಷಿಕ ಅಲ್ಲದವರು, ಬೇರೆ ಕಡೆಯಿಂದ ಹೆಚ್ಚು ಆದಾಯ ಇರೋರು ಕೃಷಿ ಜಮೀನು ಕೊಳ್ಳೋ ಹಂಗಿರಲಿಲ್ಲ. ಮಾವನ ಹೆಸರಲ್ಲಿ, ಡ್ರೈವರ್ ಹೆಸರಲ್ಲಿ ಕೊಳ್ಳೋರು ಇದ್ರು ಅನ್ನಿ. ಆದ್ರೂ ಭಯ ಇತ್ತು. 2020ರಲ್ಲಿ ಅವೆರಡನ್ನೂ ತೆಗೆದುಹಾಕಿದ್ರು. ಸುಗ್ರೀವಾಜ್ಞೆ ಬಂದಿದ್ದು ಜುಲೈನಲ್ಲಿ, ಕೊರೊನಾದ ನಡುವೆ. ಅದೇ ತಿಂಗಳುಗಳಲ್ಲಿ ನಮ್ಮ ಕೇರಿಯ ಹುಡುಗರು ಬೆಂಗಳೂರಿನ ಕೆಲಸ ಕಳಕೊಂಡು ಚೀಲ ಹೊತ್ತು ಊರಿಗೆ ಬಂದ್ರು. ಪ್ಯಾಟೆಯ ದುಡ್ಡಿದ್ದೋರಿಗೆ ಹಳ್ಳಿ ಗಾಳಿ ಬೇಕು ಅನ್ನಿಸ್ತು. ಇಬ್ಬರೂ ಒಂದೇ ರಸ್ತೆಯಲ್ಲಿ ಬಂದ್ರು. ಒಬ್ಬರಿಗೆ ಊರಲ್ಲಿ ನಿಲ್ಲೋಕೆ ಹೊಲ ಇರಲಿಲ್ಲ, ಇನ್ನೊಬ್ಬರಿಗೆ ಫಾರ್ಮ್‌ಹೌಸ್ ಆಯ್ತು.

ಪಿಟಿಸಿಎಲ್ ಹಂಗೇ ಇದೆ, ಅದನ್ನ ಯಾರೂ ತೆಗೆದಿಲ್ಲ. ಆದ್ರೆ ನಾಲ್ಕು ಕೈ ಬದಲಾದ ಜಮೀನಿನಲ್ಲಿ ಮೊದಲ ಚೀಟಿ ಯಾರದು ಅಂತ ಕೇಳೋರು ಯಾರು?

ಊರಿನ ದಿನನಿತ್ಯ ಹೆಂಗಾಗಿದೆ ಕೇಳಿ. ಹೊಳೆಗೆ ಹೋಗೋ ಬಂಡಿದಾರಿಗೆ ಒಂದು ಕಡೆ ಗೇಟ್ ಬಿದ್ದಿದೆ. ಹೆಂಗಸರು ಬಟ್ಟೆ ಒಗೆಯೋಕೆ ಸುತ್ತು ಹಾಕಿ ಹೋಗ್ತಾರೆ. ಮಸಣಕ್ಕೆ ಹೆಣ ಒಯ್ಯೋ ದಾರಿಗೂ ಈಗ ಮಾತಾಡಬೇಕು. ಕೂಲಿ ಕಡಿಮೆ ಆಗಿದೆ. ತೋಟದ ಮನೆಗೆ ಒಬ್ಬ ವಾಚ್‌ಮನ್ ಸಾಕು, ಕಸ ಗುಡಿಸೋಕೆ ಒಬ್ಬಾಕೆ ಸಾಕು. ಅವರಿಬ್ಬರೂ ನಮ್ಮ ಕೇರಿಯವರೇ. ಆ ವಾಚ್‌ಮನ್ ಬೇರೆ ಯಾರೂ ಅಲ್ಲ, ದೊಡ್ಡಪ್ಪನ ಮಗ, ನನ್ನ ಅಣ್ಣ. ಬಂದೋರಿಗೆ ಗೇಟ್ ತೆಗೀತಾನೆ. ಅವತ್ತು ನಮಗೂ ಅವನೇ ತೆಗೆದ. ಬ್ರೋಕರ್ ಮುಂದೆ ನನ್ನನ್ನ ಗುರುತೇ ಇಲ್ಲದಂಗೆ ನಿಂತಿದ್ದ. ನಾನೂ ಮಾತಾಡಿಸಲಿಲ್ಲ. ಅವನ ಕೆಲಸ ಹೋದೀತು ಅಂತ.

ಇನ್ನೊಂದು ಮಾತು ಹೇಳದಿದ್ರೆ ಈ ಬರಹ ಪ್ರಾಮಾಣಿಕ ಆಗಲ್ಲ. ನಮ್ಮ ಕೇರಿಯಲ್ಲಿ ಇನ್ನೂ ಎರಡು ಮೂರು ಮನೆಗಳಿಗೆ ದರಖಾಸ್ತಿನ ಹೊಲ ಉಳಿದಿದೆ. ಅಲ್ಲಿನ ಹುಡುಗ ಒಬ್ಬ ನನ್ನ ಜೊತೆ ಜಗಳ ಆಡಿದ: "ಅಣ್ಣಾ, ಪಕ್ಕದ ಹೊಲದೋನು ಲಕ್ಷ ಲಕ್ಷ ಎಣಿಸ್ಕೊಂಡು ದಾವಣಗೆರೆಯಾಗೆ ಮನಿ ಕಟ್ಟಿಸ್ದ. ನಮ್ಮ ಹೊಲಕ್ಕೆ ಮಾತ್ರ ಪಿಟಿಸಿಎಲ್ ಅಂತ ಅರ್ಧ ರೇಟು ಕೇಳ್ತಾರೆ. ಕಾಯ್ದೆ ನಮ್ಮನ್ನ ಕಾಯಾಕತ್ತೈತೋ, ಕಟ್ಟಿ ಹಾಕೈತೋ?"

ಅವನ ಸಿಟ್ಟಿನಲ್ಲಿ ನ್ಯಾಯ ಇದೆ. ಕಾಯ್ದೆ ಮಾರೋದನ್ನ ಪೂರ್ತಿ ನಿಷೇಧಿಸಿಲ್ಲ, ಸರ್ಕಾರದ ಅನುಮತಿ ಬೇಕು ಅಂತಷ್ಟೇ ಹೇಳುತ್ತೆ. ಆದ್ರೆ ಅನುಮತಿಯ ಫೈಲು ಹಿಡ್ಕೊಂಡು ಅಲೆಯೋ ತಾಕತ್ತು ಇರೋದು ಬ್ರೋಕರಿಗೆ, ನಮಗಲ್ಲ. "ನಾನೇ ಪರ್ಮಿಷನ್ ಮಾಡಿಸ್ತೀನಿ, ನೀನು ಅಗ್ರಿಮೆಂಟಿಗೆ, ಜಿಪಿಎಗೆ ಸಹಿ ಹಾಕು" ಅಂತಾನೆ. ಅಲ್ಲಿಗೆ ಅರ್ಧ ರೇಟಿಗೆ ಹೊಲ ಹೋಯ್ತು. ಅವತ್ತು ಛಾಪಾ ಕಾಗದದ ಮೇಲೆ ಹೆಬ್ಬೆಟ್ಟು, ಇವತ್ತು ಜಿಪಿಎ ಮೇಲೆ ಸಹಿ.

ಆ ಹುಡುಗನಿಗೆ ನಾನು ಹೇಳಿದ್ದು ಇಷ್ಟೇ. ನಮ್ಮ ಕೇರಿಯಲ್ಲಿ ಮಾರಿದವರ ಲೆಕ್ಕ ಹಾಕು. ದುಡ್ಡು ಮದುವೆಗೆ ಹೋಯ್ತು, ಆಸ್ಪತ್ರೆಗೆ ಹೋಯ್ತು, ಬೈಕಿಗೆ ಹೋಯ್ತು. ಮಾರಿದ ದುಡ್ಡಲ್ಲಿ ಬೇರೆ ಕಡೆ ಒಂದು ಗುಂಟೆ ಕೊಂಡೋರು ಒಬ್ಬರನ್ನ ತೋರಿಸು. ಅವನು ಸುಮ್ಮನಾದ. ಒಪ್ಪಿದನೋ ಇಲ್ವೋ ಗೊತ್ತಿಲ್ಲ.

ಅವತ್ತು ಪ್ಲಾಟ್ ನೋಡಿ ವಾಪಸ್ ಬರೋವಾಗ ದಾವಣಗೆರೆಯಲ್ಲಿ ಬೆಣ್ಣೆ ದೋಸೆ ತಿನ್ನೋಕೆ ಕೂತೆವು. ಸಹೋದ್ಯೋಗಿಗೆ ಎಲ್ಲ ಹೇಳ್ದೆ. ಅವರು ದೋಸೆ ಬಿಟ್ಟು ನನ್ನ ಮುಖ ನೋಡಿದ್ರು. "ಅಲ್ರೀ, ನಿಮ್ಮ ದೊಡ್ಡಪ್ಪ ಮಾರಿದ್ದಕ್ಕೆ ಈಗ ಕೊಳ್ಳೋ ನಾನೇನ್ ಮಾಡಬೇಕು?" ಅಂದ್ರು. "ನೀವೇನೂ ತಪ್ಪು ಮಾಡಿಲ್ಲ. ಅಡ್ವಾನ್ಸ್ ಕೊಡೋ ಮುಂಚೆ ಮೂಲ ಮಂಜೂರಾತಿ ಕಾಗದ ಕೇಳ್ರಿ, ಅಷ್ಟೇ" ಅಂದೆ. ಮರುದಿನ ಅವರು ಬ್ರೋಕರಿಗೆ ಫೋನ್ ಮಾಡಿ ಕೇಳಿದ್ರಂತೆ. "ಅದೆಲ್ಲ ಯಾಕೆ ಸರ್, ಪಹಣಿ ಐತಲ್ಲ" ಅಂದನಂತೆ. ಇವರು ಅಡ್ವಾನ್ಸ್ ಕೊಟ್ಟಿಲ್ಲ.

ನಾವು ಅಣ್ಣತಮ್ಮಂದಿರು ಸೇರಿ ಮಾತಾಡಿದೀವಿ. ಅಜ್ಜನ ಟ್ರಂಕಿನಲ್ಲಿ ಸಾಗುವಳಿ ಚೀಟಿ ಸಿಕ್ಕಿದೆ. ಮಡಿಕೆ ಮಡಿಕೆ ಹರಿದಿದೆ, ಸರ್ವೆ ನಂಬರು ಓದೋಕೆ ಬರುತ್ತೆ. ಅರ್ಜಿ ಹಾಕ್ತೀವಿ. ವಾಚ್‌ಮನ್ ಕೆಲಸದ ಅಣ್ಣ ಮೊದಲು ಬೇಡ ಅಂದ, ಎರಡು ದಿನ ಬಿಟ್ಟು ಬಂದು "ನನ್ನ ಹೆಸರೂ ಹಾಕು" ಅಂದ. ಗೆಲ್ತೀವಿ ಅನ್ನೋ ಗ್ಯಾರಂಟಿ ಇಲ್ಲ. ನಲವತ್ತು ವರ್ಷ ಮೀರಿದೆ, ತಡ ಯಾಕಾಯ್ತು ಅಂತ ಕೇಳೇ ಕೇಳ್ತಾರೆ. ಈ ಸಲ ಉತ್ತರವನ್ನ ಅರ್ಜಿಯಲ್ಲೇ ಬರೀತೀವಿ. ಯಾರ ಹೊಲದಲ್ಲಿ ಕೂಲಿ, ಯಾರ ಹತ್ರ ಸಾಲ, ಯಾವ ವರ್ಷ ಏನಾಯ್ತು, ಎಲ್ಲ.

ಇನ್ನು ನಿಮಗೆ ಹೇಳಿದ ಕೆಲಸ:

1. ನಿಮ್ಮ ಊರಿಗೆ ಹೋದಾಗ ಹಿರಿಯರ ಟ್ರಂಕು, ಗೋಡೆ ಗೂಡು ಹುಡುಕಿ. ಸಾಗುವಳಿ ಚೀಟಿ, ಹಳೇ ಕಂದಾಯದ ರಸೀದಿ ಯಾವುದನ್ನೂ ಎಸೆಯಬೇಡಿ.

2. ಸರ್ವೆ ನಂಬರ್ ಗೊತ್ತಿದ್ರೆ ತಾಲ್ಲೂಕು ಕಚೇರಿಯಲ್ಲಿ ಮಂಜೂರಾತಿ ಆದೇಶ, ಹಳೇ ಕೈಬರಹದ ಪಹಣಿ, ಮ್ಯುಟೇಶನ್ ಇವುಗಳ ದೃಢೀಕೃತ ನಕಲು ತಗೊಳ್ಳಿ. ಪಹಣಿಯಲ್ಲಿ 9ನೇ ಕಲಂ ಹೆಸರು ಮಾತ್ರ ನೋಡಬೇಡಿ. 10, 11ನೇ ಕಲಂ ಕೂಡ ಓದಿ.

3. ತೋಟಿ, ತಳವಾರಿಕೆಯಂಥ ಚಾಕರಿ ಇನಾಮಿನ ಜಮೀನು ಪಿಟಿಸಿಎಲ್‌ಗೆ ಬರಲ್ಲ. ಅದರ ಕಾನೂನು ಬೇರೆ. ಎರಡನ್ನೂ ಬೆರೆಸಿ ಅರ್ಜಿ ಹಾಕಿ ಸೋಲಬೇಡಿ. ಮೊದಲು ವಕೀಲರಿಗೆ ತೋರಿಸಿ.

4. ಉಳಿದ ಜಮೀನಿಗೆ ಅಗ್ರಿಮೆಂಟು, ಜಿಪಿಎ ಯಾವುದಕ್ಕೂ ಸಹಿ ಹಾಕಬೇಡಿ. ಹಾಕೋ ಮುಂಚೆ ಸಂಘಟನೆಯವರಿಗೆ ಒಂದು ಫೋನ್ ಮಾಡಿ.

5. ನೀವೇ ಸೈಟ್, ಫಾರ್ಮ್ ಪ್ಲಾಟ್ ಕೊಳ್ಳೋಕೆ ಹೋದ್ರೂ ಮೂಲ ಮಂಜೂರಾತಿ ಯಾರ ಹೆಸರಲ್ಲಿದೆ ಅಂತ ಕೇಳಿ. ನಾವು ನಾಲ್ಕು ಜನ ಸಂಬಳ ತಗೊಳ್ಳೋರು ಆಗಿದೀವಿ. ನಮ್ಮವರ ಹೊಲದ ಮೇಲೆ ನಾವೇ ಜೋಕಾಲಿ ಕಟ್ಟೋದು ಬೇಡ.

ಊರಿನ ಹೆಸರು, ಸರ್ವೆ ನಂಬರ್ ಬೇಕಂತಲೇ ಬರೆದಿಲ್ಲ. ಅಣ್ಣ ಇನ್ನೂ ಅದೇ ಗೇಟಿನಲ್ಲಿ ಕೆಲಸ ಮಾಡ್ತಿದ್ದಾನೆ. ಅರ್ಜಿ ದಾಖಲಾದ ದಿನ ಎಲ್ಲ ಹೇಳ್ತೀನಿ.

ನಿಮ್ಮ ಕೇರಿಯಲ್ಲೂ ಇಂಥ ಹೊಲ ಇದ್ರೆ ಬರೀರಿ. ಶೇರ್ ಮಾಡಿ.

ಜೈಭೀಮ್.